ಕಬಿನಿ ಹಿನ್ನೀರಿನ ದಂಡೆಯಲ್ಲಿ ನಿಧಾನದ ದಿನಗಳು

ಕಡಲಿಲ್ಲದ ಮೈಸೂರು ಸೀಮೆಯಲ್ಲಿ ನೀರಿನ ದಂಡೆಗೆ ಕೂತು ನಾಲ್ಕು ದಿನ ಸುಮ್ಮನೆ ಕಳೆಯಬೇಕು ಎನ್ನುವವರಿಗೆ ಕಬಿನಿ ಹಿನ್ನೀರಿನಂಥ ಜಾಗ ಮತ್ತೊಂದಿಲ್ಲ. ವಯನಾಡಿನಿಂದ ಇಳಿದು ಬರುವ ಈ ಹೊಳೆಗೆ ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿ ಬಳಿ ಕಟ್ಟಿದ ಅಣೆಕಟ್ಟೆ 1974ರಲ್ಲಿ ಪೂರ್ಣಗೊಂಡಿತು. ಗರಿಷ್ಠ ಮಟ್ಟ 2284 ಅಡಿ, ಸಂಗ್ರಹ 19.52 ಟಿಎಂಸಿ. ವಯನಾಡಿನಲ್ಲಿ ಮುಂಗಾರು ಜೋರಾದರೆ ಕಾವೇರಿ ಕೊಳ್ಳದ ದೊಡ್ಡ ಜಲಾಶಯಗಳಲ್ಲಿ ಸಾಮಾನ್ಯವಾಗಿ ಮೊದಲು ತುಂಬುವುದು ಇದೇ. ನಾಗರಹೊಳೆ ಮತ್ತು ಬಂಡೀಪುರದ ಕಾಡುಗಳ ನಡುವೆ ಈ ನೀರು ಚಾಚಿಕೊಂಡಿದೆ.

ಇಲ್ಲಿ ತಂಗುವವರ ಹಳೆಯ ವಿಳಾಸ ಕಾರಾಪುರದ ಕಬಿನಿ ರಿವರ್ ಲಾಡ್ಜ್. ಮೈಸೂರು ಅರಸರು ಬೇಟೆಗೆ ಬಂದಾಗ ಇಳಿದುಕೊಳ್ಳುತ್ತಿದ್ದ ಬಂಗಲೆ ಅದರ ಆವರಣದಲ್ಲಿದೆ. 1980ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಆ್ಯಂಡ್ ರೆಸಾರ್ಟ್ಸ್ ಈ ಜಾಗಕ್ಕೆ ಹೊಸ ಬದುಕು ಕೊಟ್ಟಿತು. ಅದನ್ನು ಬೆಳೆಸಿದವರಲ್ಲಿ ಮುಖ್ಯರು ಕರ್ನಲ್ ಜಾನ್ ವೇಕ್‌ಫೀಲ್ಡ್. ಕೋವಿ ಕೆಳಗಿಟ್ಟು ಕಾಡು ಕಾಯುವ ಮಾತಾಡಿದ ಈ ಹಳೆಯ ಬೇಟೆಗಾರ, 2010ರಲ್ಲಿ ತೀರಿಕೊಳ್ಳುವ ತನಕ ಇದನ್ನೇ ಮನೆ ಮಾಡಿಕೊಂಡಿದ್ದರು. ಬಂದವರೆಲ್ಲ ಅವರನ್ನು ಕರೆಯುತ್ತಿದ್ದುದು ‘ಪಾಪಾ’ ಎಂದು.

ಕಬಿನಿಯನ್ನು ನೋಡಬೇಕಾದ ಕಾಲ ಬೇಸಿಗೆ. ನೀರು ಹಿಂದೆ ಸರಿದಂತೆ ಬಯಲಾಗುವ ಮೆಕ್ಕಲು ಮಣ್ಣಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಒಣಗಿದ ಕಾಡಿನಿಂದ ಆನೆಗಳು ಹಿಂಡುಹಿಂಡಾಗಿ ಇಳಿದು ಬರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರುವ ತಾಣ ಬಹಳ ಕಡಿಮೆ. ದೋಣಿಯ ಎಂಜಿನ್ ನಿಲ್ಲಿಸಿ ಒಂದೇ ಆನೆಯನ್ನು ನೋಡುತ್ತಾ ಕೂರಿ. ಮುಂಗಾಲಿನ ಉಗುರಿನಿಂದ ಹುಲ್ಲಿನ ಬುಡ ಕೆದಕುತ್ತದೆ, ಸೊಂಡಿಲಿನಲ್ಲಿ ಹಿಡಿ ಮಾಡಿಕೊಳ್ಳುತ್ತದೆ, ಕಾಲಿಗೆ ಬಡಿದು ಮಣ್ಣು ಉದುರಿಸುತ್ತದೆ, ಆಮೇಲೆ ಬಾಯಿಗೆ ಹಾಕುತ್ತದೆ. ಪಕ್ಕದ ಮರಿ ಅದನ್ನೇ ಮಾಡಲು ಹೋಗಿ ಮಣ್ಣಿನ ಸಮೇತ ತಿನ್ನುತ್ತದೆ. ಅಣೆಕಟ್ಟೆ ಕಟ್ಟಿದಾಗ ಮುಳುಗಿದ ಮರಗಳ ಬೊಡ್ಡೆಗಳು ಇನ್ನೂ ನೀರಿನಲ್ಲಿ ನಿಂತಿವೆ. ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತವೆ.

ಈ ಹಿನ್ನೀರಿನ ಅಂಚಿನ ಕಾಕನಕೋಟೆ ಕಾಡಿನಲ್ಲಿ ಹಿಂದೆ ಖೆಡ್ಡಾ ನಡೆಯುತ್ತಿತ್ತು. ಕಾಡಾನೆಗಳನ್ನು ಅಟ್ಟಿಕೊಂಡು ಬಂದು ಹೊಳೆ ದಾಟಿಸಿ ಬೇಲಿಯೊಳಗೆ ಕೂಡುತ್ತಿದ್ದರು. 1971ರಲ್ಲಿ ಕೊನೆಯ ಖೆಡ್ಡಾ ಆಯಿತು. ದಸರಾ ಅಂಬಾರಿ ಹೊತ್ತ ಅರ್ಜುನ 1968ರ ಖೆಡ್ಡಾದಲ್ಲಿ ಇಲ್ಲೇ ಸಿಕ್ಕಿದವನು. ಆನೆಯ ಜಾಡು ಹಿಡಿದು ಆ ಕೆಲಸಕ್ಕೆ ಬೆನ್ನೆಲುಬಾಗಿದ್ದವರು ಕಾಡಿನ ಕುರುಬ ಸಮುದಾಯಗಳು. ಮುಂದೆ ಅಣೆಕಟ್ಟೆಗಾಗಿ ಎಷ್ಟೋ ಊರು, ಹಾಡಿ, ಹೊಲಗಳು ಮುಳುಗಿದವು. ಇಂದು ನಮ್ಮ ಕಣ್ಣಿಗೆ ತಂಪೆನಿಸುವ ನೀರು ಅಲ್ಲಿದ್ದವರ ಮನೆಯಂಗಳದ ಮೇಲೆ ನಿಂತಿದೆ.

ಈಗ ಬರುವವರಲ್ಲಿ ಹೆಚ್ಚಿನವರಿಗೆ ಹುಲಿ ಅಥವಾ ಕರಿ ಚಿರತೆಯ ಫೋಟೊ ಬೇಕು. ಸಿಗದಿದ್ದರೆ ಪ್ರವಾಸವೇ ವ್ಯರ್ಥವೆಂದು ಮರಳುತ್ತಾರೆ. ಒಂದು ಸಫಾರಿ ಕಡಿಮೆ ಮಾಡಿ, ಆ ಹೊತ್ತನ್ನು ಬೀಚನಹಳ್ಳಿಗೆ, ಹಿನ್ನೀರಿನ ದಂಡೆಯ ಭೀಮನಕೊಲ್ಲಿ ಮಹದೇಶ್ವರನ ಗುಡಿಗೆ ಕೊಡಿ. ಊರಿನ ಹಿರಿಯರು ಸಿಕ್ಕರೆ ಹೊಳೆ ಹರಿಯುತ್ತಿದ್ದ ಕಾಲದ ಮಾತು ಕೇಳಿ. ಪ್ರಾಣಿ ಕಾಣುವುದು ಅದೃಷ್ಟ. ಈ ನೆಲದ ಕಥೆ ಮಾತ್ರ ಪುರುಸೊತ್ತು ಮಾಡಿಕೊಂಡು ಬಂದ ಎಲ್ಲರಿಗೂ ಸಿಗುತ್ತದೆ.