ನಿಲುವಂಗಿ ತೊಟ್ಟ ನಗೆಗಾರ

ಗುರುಗಳನ್ನು ನಗೆಯ ವಸ್ತುವಾಗಿಸಿದ ಕಿರುತೆರೆ ನಟರೊಬ್ಬರ ವಿಚಾರವನ್ನು ಈ ಅಂಕಣದಲ್ಲಿ ಎತ್ತಿಕೊಂಡಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಐರ್ಲೆಂಡಿನ ಡರ್ಮಟ್ ಮಾರ್ಗನ್ ಅವರ ಬದುಕನ್ನು ಗುರುಗಳಾದ ನಾವೇ ಮೊದಲು ತಿಳಿಯಬೇಕೆಂಬುದು ನಮ್ಮ ಅಭಿಪ್ರಾಯ.

1952ರಲ್ಲಿ ಡಬ್ಲಿನ್‌ನಲ್ಲಿ ಜನಿಸಿದ ಮಾರ್ಗನ್, ಇಂಗ್ಲಿಷ್ ಸಾಹಿತ್ಯವನ್ನೂ ತತ್ತ್ವಶಾಸ್ತ್ರವನ್ನೂ ವ್ಯಾಸಂಗ ಮಾಡಿ ಕೆಲಕಾಲ ಶಿಕ್ಷಕರಾಗಿದ್ದರು. (ತತ್ತ್ವಶಾಸ್ತ್ರ ಓದಿದವರು ನಗೆಗಾರರಾಗುವುದು ಅಪರೂಪ, ನಗೆಪಾಟಲಾಗುವುದು ಅಪರೂಪವಲ್ಲ.) 1979ರಲ್ಲಿ ಆರಂಭವಾದ ‘ದ ಲೈವ್ ಮೈಕ್’ ಕಾರ್ಯಕ್ರಮದಲ್ಲಿ ಅವರು ‘ಫಾದರ್ ಟ್ರೆಂಡಿ’ಯಾಗಿ ಜನಪ್ರಿಯರಾದರು. ಯುವಜನರ ಮೆಚ್ಚುಗೆಗಾಗಿ ಹಂಬಲಿಸುತ್ತ, ನಿತ್ಯಜೀವನದ ಯಾವ ಸಂಗತಿ ಸಿಕ್ಕರೂ ಅದನ್ನು ಎಳೆತಂದು ಧರ್ಮಕ್ಕೆ ಜೋಡಿಸುವ ಗುರುವಿನ ಪಾತ್ರವದು. ಅಂಥ ಪ್ರಬೋಧನೆಯನ್ನು ನಮ್ಮ ಓದುಗರು ಎಂದೂ ಕೇಳಿಲ್ಲವೆಂದು ನಾವು ವಾದಿಸಲಾರೆವು.

ಬಳಿಕ ರೇಡಿಯೋದಲ್ಲಿ ರಾಜಕಾರಣಿಗಳನ್ನು ಅಣಕಿಸಿದ ‘ಸ್ಕ್ರ್ಯಾಪ್ ಸ್ಯಾಟರ್ಡೇ’ 1991ರಲ್ಲಿ ನಿಂತುಹೋಯಿತು. ದೊಡ್ಡ ಕೀರ್ತಿ ಬಂದದ್ದು 1995ರಲ್ಲಿ, ಬ್ರಿಟನ್ನಿನ ಚಾನೆಲ್ 4 ಪ್ರಸಾರ ಮಾಡಿದ ‘ಫಾದರ್ ಟೆಡ್’ ಧಾರಾವಾಹಿಯಿಂದ. ಕಾಲ್ಪನಿಕ ದ್ವೀಪವೊಂದರ ಗುರುನಿವಾಸದಲ್ಲಿ ಧರ್ಮಾಧ್ಯಕ್ಷರ ಅವಕೃಪೆಗೆ ಪಾತ್ರರಾದ ಮೂವರು ಗುರುಗಳು: ಮುಗ್ಧನೋ ಮೂಢನೋ ತಿಳಿಯದ ಕಿರಿಯ ಡೂಗಲ್, ಮದ್ಯಕ್ಕೆ ದಾಸನಾದ ವೃದ್ಧ ಜ್ಯಾಕ್, ನಡುವೆ ಮಾರ್ಗನ್ ಅಭಿನಯಿಸಿದ ಟೆಡ್. ಬೇಡವೆಂದರೂ ಚಹಾ ಕುಡಿಸದೆ ಬಿಡದ ಮನೆವಾರ್ತೆಯ ಶ್ರೀಮತಿ ಡಾಯ್ಲ್ ಬೇರೆ. ಮಗುವೊಂದನ್ನು ಲೂರ್ದಿಗೆ ಕಳುಹಿಸಲು ಕೂಡಿಸಿದ ಹಣ ತನ್ನ ಖಾತೆಗೆ ಬಂದದ್ದು ಹೇಗೆಂಬ ಪ್ರಶ್ನೆಗೆ ಟೆಡ್ ಕೊನೆಯವರೆಗೂ ನುಣುಚಿಕೊಳ್ಳುತ್ತಾನೆ.

ಧರ್ಮಾಧ್ಯಕ್ಷರೊಬ್ಬರಿಗೆ ಮಗನಿರುವುದು 1992ರಲ್ಲಿ ಬಯಲಾಗಿ ಐರ್ಲೆಂಡಿನ ಧರ್ಮಸಭೆ ತತ್ತರಿಸಿದ್ದ ಕಾಲವದು. ಕ್ರೂರ ವಿಡಂಬನೆಗೆ ಸಾಮಗ್ರಿ ಬೇಕಾದಷ್ಟಿತ್ತು. ಆದರೂ ಮಾರ್ಗನ್ ಟೆಡ್‌ನನ್ನು ಖಳನಾಗಿಸಲಿಲ್ಲ. ಹಣ, ಹೆಸರು, ದೊಡ್ಡ ಊರಿನ ಧರ್ಮಕೇಂದ್ರ ಇವುಗಳಿಗಾಗಿ ಒಳಗೊಳಗೇ ಆಸೆಪಡುವ ಬಡಪಾಯಿಯಾಗಿಸಿದರು. ಈ ನಗೆ ನಮ್ಮನ್ನು ಚುಚ್ಚುವುದು ಅಲ್ಲಿಯೇ. ವಿನೋದಶೀಲತೆಯೂ ಒಂದು ಸದ್ಗುಣ, ನಗಲೊಲ್ಲದ ಬಿಗುಮಾನ ಒಂದು ದೋಷ ಎಂದು ಸಂತ ತೋಮಸ್ ಅಕ್ವಿನಾಸರು ಬರೆದಿರುವುದನ್ನು ಗುರುಮಠದಲ್ಲಿ ನಾವೆಲ್ಲ ಪರೀಕ್ಷೆಗಾಗಿ ಓದಿದವರೇ.

ಕೊನೆಯ ಕಂತಿನ ಚಿತ್ರೀಕರಣ ಮುಗಿದ ಮರುದಿನ, 1998ರ ಫೆಬ್ರುವರಿ 28ರಂದು, ಮಾರ್ಗನ್ ಲಂಡನ್ನಿನಲ್ಲಿ ಹೃದಯಾಘಾತದಿಂದ ನಿಧನರಾದರು. ವಯಸ್ಸು 45. ಧರ್ಮಸಭೆಯನ್ನು ಕಟುವಾಗಿ ಟೀಕಿಸುತ್ತಿದ್ದ ಅವರಿಗಾಗಿ ಡಬ್ಲಿನ್‌ನ ಸಂತ ತೆರೇಸಾ ದೇವಾಲಯದಲ್ಲಿ ಮೃತರ ಬಲಿಪೂಜೆ ನೆರವೇರಿತು. ರಾಷ್ಟ್ರಾಧ್ಯಕ್ಷೆ ಮೇರಿ ಮ್ಯಾಕಲೀಸ್ ಸಹ ಪಾಲ್ಗೊಂಡರು. ಯಾರೂ ಬಾಗಿಲು ಮುಚ್ಚಲಿಲ್ಲವೆಂಬುದು ನಮಗೆ ಸಮಾಧಾನದ ಸಂಗತಿ.

ಆ ನಗರದ ಮೆರಿಯನ್ ಚೌಕದ ಉದ್ಯಾನದಲ್ಲಿ ಅವರ ನೆನಪಿಗೆ ‘ವಿದೂಷಕನ ಪೀಠ’ವೆಂಬ ಕಂಚಿನ ಕುರ್ಚಿಯಿದೆ. ಪ್ರಧಾನಾಲಯ ಕಟ್ಟಲೆಂದು ಧರ್ಮಸಭೆ ಕೊಂಡಿದ್ದ ಜಾಗವದು. 1974ರಲ್ಲಿ ನಗರಾಡಳಿತದ ಕೈಸೇರಿದ ಆ ಉದ್ಯಾನಕ್ಕೆ ಮಹಾಧರ್ಮಾಧ್ಯಕ್ಷ ಡರ್ಮಟ್ ರಯನ್ ಅವರ ಹೆಸರಿಡಲಾಗಿತ್ತು. ಮಕ್ಕಳ ಮೇಲಿನ ದೌರ್ಜನ್ಯದ ದೂರುಗಳನ್ನು ಅವರು ಸರಿಯಾಗಿ ವಿಚಾರಿಸಲಿಲ್ಲವೆಂದು 2009ರ ತನಿಖಾ ವರದಿ ಆಕ್ಷೇಪಿಸಿತು. 2010ರಲ್ಲಿ ಆ ಹೆಸರನ್ನು ತೆಗೆದುಹಾಕಿದರು. ಇನ್ನೊಬ್ಬ ಡರ್ಮಟ್‌ರ ಕುರ್ಚಿ ಅಲ್ಲಿಯೇ ಇದೆ.