ಕೆಲಸ ಕೈಬಿಡುವ ಮುನ್ನ

‘ಉದ್ಯೋಗಂ ಪುರುಷಲಕ್ಷಣಂ’ ಎಂಬ ಮಾತನ್ನು ಕೇಳದೆ ಬೆಳೆದವರು ಈ ಕಾಲೇಜಿನಲ್ಲಿ ಒಬ್ಬರೂ ಇರಲಾರರು. ಆದರೆ ಉದ್ಯೋಗವು ಹೋದ ಮೇಲೆ ಆ ಪುರುಷನ ಲಕ್ಷಣವೇನಾಗುವುದೆಂಬುದನ್ನು ಆ ಮಾತು ತಿಳಿಸುವುದಿಲ್ಲ. (ಸ್ತ್ರೀಯರ ಪ್ರಸ್ತಾಪವಂತೂ ಅದರಲ್ಲಿ ಇಲ್ಲವೇ ಇಲ್ಲ, ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರ ಪೈಕಿ ಹೆಚ್ಚಿನವರು ಅವರೇ.) ಅಂತಿಮ ತರಗತಿಯ ನಮ್ಮ ಹರಟೆಯೆಲ್ಲ ಕೆಲಸವನ್ನು ಹೇಗೆ ಪಡೆಯುವುದೆಂಬುದನ್ನು ಕುರಿತದ್ದು. ಪಡೆದದ್ದು ಕೈಬಿಟ್ಟರೇನು ಗತಿ ಎಂದು ಕೇಳುವವನನ್ನು ಅಪಶಕುನದ ಹಕ್ಕಿಯೆಂದು ನೋಡುತ್ತಾರೆ. ಆದರೂ ಕೇಳಲೇಬೇಕಾಗಿದೆ. ಮನೆಯಲ್ಲಿ ಮೊದಲನೆಯವರಾಗಿ ಪದವಿಯ ಮೆಟ್ಟಿಲು ಹತ್ತಿದ ನನ್ನಂಥವರ ಸಂಬಳವು ಬರುವ ಮೊದಲೇ ಹಂಚಿಹೋಗಿರುತ್ತದೆ: ಹಳೆಯ ಸಾಲಕ್ಕಿಷ್ಟು, ತಂಗಿಯ ಮದುವೆಗಿಷ್ಟು, ಸೋರುವ ಮಾಡಿಗಿಷ್ಟು. ಅಂಥ ಸಂಬಳ ಒಂದು ತಿಂಗಳು ನಿಂತರೆ ನಿಲ್ಲುವುದು ಒಬ್ಬನ ಊಟವಲ್ಲ.

ಕೋಲಾರದ ಚಿನ್ನದ ಗಣಿಗಳ ಕಥೆಯನ್ನು ಈ ದೃಷ್ಟಿಯಿಂದ ನೋಡಬೇಕು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕೆಲಸಕ್ಕೆ ತೊಡಗಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೂ 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿದವು. 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯ ಆಡಳಿತಕ್ಕೆ ಬಂದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಹೊರಗಿನವರಿಗೆ ಇದು ಒಂದು ದಿನದ ಸುದ್ದಿ; ವಾಸ್ತವವಾಗಿ ಅದು ಹಲವು ದಶಕಗಳಿಂದ ಬರುತ್ತಿದ್ದ ಸಂಗತಿ. ಅದಿರಿನಲ್ಲಿ ದೊರೆಯುವ ಚಿನ್ನ ಕಡಿಮೆಯಾಗುತ್ತ ನಡೆದಿತ್ತು. ಅದನ್ನು ತರಲು ಇಳಿಯಬೇಕಾದ ಆಳವೋ ಮೂರು ಕಿಲೋಮೀಟರಿಗೂ ಮಿಕ್ಕಿತ್ತು. ತೆಗೆಯುವ ಖರ್ಚು ತೆಗೆದ ಚಿನ್ನದ ಬೆಲೆಯನ್ನು ಮೀರಿದ ಮೇಲೆ ಯಾವ ಸಂಸ್ಥೆ ತಾನೆ ಎಷ್ಟು ದಿನ ನಡೆದೀತು?

ಅಲ್ಲಿ ಕೆಲಸದೊಡನೆ ಕಟ್ಟಿಕೊಂಡಿದ್ದುದು ಸಂಬಳ ಮಾತ್ರವಲ್ಲ. ವಾಸದ ಮನೆ ಕಂಪನಿಯದು, ಆಸ್ಪತ್ರೆ ಕಂಪನಿಯದು. ತಾತ, ತಂದೆ, ಮಗ ಮೂವರೂ ಇಳಿದದ್ದು ಅದೇ ಬಾವಿಗೆ. ಬಂಡೆ ಸಿಡಿಸುವ ವಿದ್ಯೆ ಎಷ್ಟೇ ಕಷ್ಟದ್ದಾಗಿರಲಿ, ಗಣಿಯಿಲ್ಲದ ಊರಿನಲ್ಲಿ ಅದನ್ನು ಕೊಳ್ಳುವವರಿಲ್ಲ. ಫಿಟ್ಟರನ ವಿದ್ಯೆಗೆ, ವಿದ್ಯುತ್ ಕೆಲಸದವನ ವಿದ್ಯೆಗೆ ಎಲ್ಲಿಯಾದರೂ ಬೆಲೆಯುಂಟು. ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ರೈಲುಗಳಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಸಾವಿರಾರು ಜನರನ್ನು ಇಂದಿಗೂ ಕಾಣಬಹುದು. ಮನೆ, ಕೆಲಸ, ವಿದ್ಯೆ ಮೂರನ್ನೂ ಒಂದೇ ಗೂಟಕ್ಕೆ ಕಟ್ಟಿದರೆ ಗೂಟ ಕಿತ್ತಾಗ ಏನಾಗುವುದೆಂಬುದಕ್ಕೆ ಬೇರೆ ಪುಸ್ತಕ ಬೇಕಿಲ್ಲ.

ಎಚ್.ಎಂ.ಟಿ. ಗಡಿಯಾರದ ಕಥೆಯೂ ಹೆಚ್ಚು ಬೇರೆಯಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಕೈಗಡಿಯಾರದ ಉದ್ಯಮವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿತು. ಕೀಲಿ ಕೊಡುವ ಗಡಿಯಾರದ ಕಾಲ ಕಳೆದು ಕ್ವಾರ್ಟ್ಸ್ ಗಡಿಯಾರದ ಕಾಲ ಬಂದಿದೆಯೆಂಬುದು ಬಹಳ ಮೊದಲೇ ಅಂಗಡಿಯ ಗಾಜಿನೊಳಗೆ ಕಾಣುತ್ತಿತ್ತು. ಆದುದರಿಂದ ಕೆಲಸ ಸಿಕ್ಕಿದವನು ತನ್ನ ಸಂಸ್ಥೆಯ ಆರೋಗ್ಯವನ್ನು ತಾನೇ ನೋಡುತ್ತಿರಬೇಕು. ಸಂಬಳ ತಡವಾಗುವುದು, ಭವಿಷ್ಯ ನಿಧಿಯ ಹಣ ಖಾತೆಗೆ ಸೇರದಿರುವುದು, ಬಿಟ್ಟುಹೋದವರ ಜಾಗ ತುಂಬದಿರುವುದು, ಹೆಚ್ಚುವರಿ ಪಾಳಿ ನಿಲ್ಲುವುದು—ಇವು ಕ್ಯಾಂಟೀನಿನ ಗಾಳಿಮಾತಿಗಿಂತ ನಂಬತಕ್ಕ ಗುರುತುಗಳು.

ಇನ್ನು ಕಾನೂನು. ಲೇ-ಆಫ್ ಎಂಬುದನ್ನು ಕೆಲಸದಿಂದ ತೆಗೆಯುವುದೆಂಬ ಅರ್ಥದಲ್ಲಿ ಎಲ್ಲರೂ ಬಳಸುತ್ತಾರೆ. ಕಾನೂನಿನ ಭಾಷೆಯಲ್ಲಿ ಅದು ತಾತ್ಕಾಲಿಕ ನಿಲುಗಡೆ: ಕಚ್ಚಾ ಸಾಮಗ್ರಿ ಇಲ್ಲ, ವಿದ್ಯುತ್ತಿಲ್ಲ, ಯಂತ್ರ ಕೆಟ್ಟಿದೆ ಎಂದು ಕೆಲಸ ಕೊಡಲಾಗದ ಸ್ಥಿತಿ. ಹೆಸರು ಹಾಜರಿ ಪಟ್ಟಿಯಲ್ಲಿ ಉಳಿದೇ ಇರುತ್ತದೆ. ಐವತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಒಂದು ವರ್ಷ ದುಡಿದವನಿಗೆ ಮೂಲವೇತನ ಮತ್ತು ತುಟ್ಟಿಭತ್ಯದ ಅರ್ಧದಷ್ಟು ಪರಿಹಾರ ಸಲ್ಲುತ್ತದೆ. ಹೆಸರನ್ನೇ ಹೊಡೆದುಹಾಕುವುದು ರಿಟ್ರೆಂಚ್‌ಮೆಂಟ್. ಅದಕ್ಕೆ ಒಂದು ತಿಂಗಳ ನೋಟೀಸು ಅಥವಾ ಅದರ ಬದಲು ಸಂಬಳ, ಜೊತೆಗೆ ದುಡಿದ ಪ್ರತಿ ವರ್ಷಕ್ಕೂ 15 ದಿನಗಳ ಸರಾಸರಿ ವೇತನ ಕೊಡಬೇಕೆಂದು 1947ರ ಕೈಗಾರಿಕಾ ವಿವಾದಗಳ ಕಾಯಿದೆ ವಿಧಿಸಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಆಡಳಿತದ ಹುದ್ದೆಯಲ್ಲಿರುವವರಿಗೆ ಈ ಆಸರೆಯಿಲ್ಲ. ಅವರು ತಮ್ಮ ನೇಮಕಾತಿ ಪತ್ರದ ಷರತ್ತನ್ನೇ ಓದಿಕೊಳ್ಳಬೇಕು.

ಇಲ್ಲೊಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಬರೆಯುವ ಆಸೆ ನನಗೆ. ‘ಮರ್ಯಾದೆಯಿಂದ ಹೋಗಿಬಿಡಪ್ಪ, ಮುಂದೆ ಬೇರೆ ಕಡೆ ತೊಂದರೆಯಾಗುವುದಿಲ್ಲ’ ಎಂದು ಹೇಳಿ ರಾಜೀನಾಮೆಯ ಕಾಗದವನ್ನು ಮುಂದಿಡುವುದುಂಟು. ತಾನಾಗಿ ಬಿಟ್ಟವನಿಗೆ ರಿಟ್ರೆಂಚ್‌ಮೆಂಟ್ ಪರಿಹಾರವಿಲ್ಲ. ಆ ಒಂದು ಸಹಿಯ ಬೆಲೆ ಹಲವು ತಿಂಗಳ ಅನ್ನ. ಕಾಗದವನ್ನು ಮನೆಗೆ ತಂದು ಓದಿ, ತಿಳಿದವರನ್ನು ಕೇಳಿ, ಆಮೇಲೆ ನಿರ್ಧರಿಸುವುದರಲ್ಲಿ ಅವಿನಯವೇನೂ ಇಲ್ಲ.

ಗ್ರಾಚ್ಯುಯಿಟಿ ಇದರಿಂದ ಬೇರೆ. ರಾಜೀನಾಮೆ ಕೊಟ್ಟವನಿಗೂ ಅದುಂಟು, ಆದರೆ ಸಾಮಾನ್ಯವಾಗಿ ಐದು ವರ್ಷ ತುಂಬಿರಬೇಕು. ಲೆಕ್ಕ ಸುಲಭ. ಮೂಲವೇತನ, ತುಟ್ಟಿಭತ್ಯ ಸೇರಿ ತಿಂಗಳಿಗೆ 18,200 ರೂಪಾಯಿ ಎನ್ನಿ. 26ರಿಂದ ಭಾಗಿಸಿದರೆ ದಿನಕ್ಕೆ 700. ಹದಿನೈದು ದಿನಕ್ಕೆ 10,500. ಎಂಟು ವರ್ಷ ದುಡಿದಿದ್ದರೆ 84,000. ಭವಿಷ್ಯ ನಿಧಿಗೆ ನೌಕರನ ಪಾಲು ಸಾಮಾನ್ಯವಾಗಿ ನೂರಕ್ಕೆ 12, ಮಾಲೀಕನದೂ ಅಷ್ಟೇ. ಮಾಲೀಕನ ಪಾಲಿನಿಂದ ಒಂದಂಶ ಪಿಂಚಣಿಗೆ ಹೋಗುತ್ತದೆ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಕೆಲಸ ಬದಲಿಸಿದಾಗಲೆಲ್ಲ ಪಿಂಚಣಿಯ ಹಣವನ್ನೂ ಸೇರಿಸಿ ಎಲ್ಲವನ್ನೂ ತೆಗೆದು ಖರ್ಚುಮಾಡುವವನು ಆ ವರ್ಷಗಳನ್ನೂ ಖರ್ಚುಮಾಡಿದಂತಾಗುತ್ತದೆ. ಹೊಸ ಕಡೆಗೆ ವರ್ಗಾಯಿಸಿಕೊಳ್ಳುವುದೇ ಲೇಸು.

ನೇಮಕಾತಿ ಪತ್ರ, ಪ್ರತಿ ತಿಂಗಳ ಸಂಬಳದ ಚೀಟಿ, ಗುರುತಿನ ಚೀಟಿಯ ನಕಲು, ಹಾಜರಿಯ ದಾಖಲೆ ಇವನ್ನು ಮನೆಯ ಟ್ರಂಕಿನಲ್ಲಿ ಇಡಬೇಕು. ಕಚೇರಿಯ ಕಂಪ್ಯೂಟರಿನಲ್ಲಿ ಇಟ್ಟರೆ ಕೆಲಸ ಹೋದ ದಿನವೇ ಅದರ ಬಾಗಿಲೂ ಮುಚ್ಚಿಕೊಳ್ಳುತ್ತದೆ. ಗುತ್ತಿಗೆದಾರನ ಕೈಕೆಳಗೆ ದುಡಿಯುವವರು ಇದನ್ನು ಎರಡು ಪಟ್ಟು ಎಚ್ಚರದಿಂದ ಮಾಡಬೇಕು. ನೀನು ಇಲ್ಲಿ ದುಡಿದೇ ಇಲ್ಲ ಎನ್ನುವ ಮಾತು ಮೊದಲು ಬರುವುದು ಅವರಿಗೇ. ಕಾರ್ಮಿಕ ಇಲಾಖೆಯ ಅಧಿಕಾರಿಯ ಬಳಿ ದೂರು ಕೊಡುವಾಗ ಕಣ್ಣೀರಿಗಿಂತ ಕಾಗದ ಹೆಚ್ಚು ಮಾತಾಡುತ್ತದೆ.

ಹಣದ ವಿಷಯದಲ್ಲಿ ಮೂರು ತಿಂಗಳ ಅಕ್ಕಿ, ಬಾಡಿಗೆ, ಔಷಧಕ್ಕೆ ಸಾಲುವಷ್ಟನ್ನು ಮೊದಲು ಕೂಡಿಡಬೇಕೆಂದು ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ಅಷ್ಟೇ ಮುಖ್ಯವಾದುದು ಕಂತುಗಳನ್ನು ಹಗುರಾಗಿರಿಸುವುದು. ಚೀಟಿ ಕೂಗಿ ಹಣ ಎತ್ತಿದವನು ಅದನ್ನು ಉಳಿತಾಯವೆಂದುಕೊಳ್ಳುತ್ತಾನೆ. ಎತ್ತಿದ ಕ್ಷಣದಿಂದ ಅದು ಸಾಲ. ಸ್ನೇಹಿತನ ಸಾಲಕ್ಕೆ ಜಾಮೀನು ನಿಂತದ್ದೂ ಕೆಲಸ ಹೋದಾಗಲೇ ನೆನಪಿಗೆ ಬರುತ್ತದೆ.

ಕಡೆಯದಾಗಿ, ಮನೆಯವರಿಗೆ ತಿಳಿಸುವ ವಿಚಾರ. ಕೆಲಸ ಹೋದುದನ್ನು ಮುಚ್ಚಿಟ್ಟು, ಊಟದ ಡಬ್ಬಿ ಹಿಡಿದು ಎಂದಿನಂತೆ ಹೊರಟು ಸಂಜೆಯವರೆಗೆ ಬಸ್ ನಿಲ್ದಾಣದಲ್ಲೋ ಉದ್ಯಾನದಲ್ಲೋ ಕುಳಿತು ಬರುವವರುಂಟು. ಅತ್ತ ತಾಯಿ ಅದೇ ತಿಂಗಳು ಹೊಸ ಸಾಲಕ್ಕೆ ಒಪ್ಪಿಕೊಂಡಿರುತ್ತಾಳೆ, ತಂದೆ ಮದುವೆಯ ಮಾತು ಕೊಟ್ಟಿರುತ್ತಾನೆ. ಸಂಸ್ಥೆ ಕುಂಟುತ್ತಿದೆ ಎಂಬ ಸುಳಿವು ಹತ್ತಿದ ದಿನವೇ ಸಂಬಳದ ಚೀಟಿಯನ್ನು ಅವರ ಮುಂದೆ ಬಿಡಿಸಿ, ಪ್ರತಿ ಸಾಲಿನ ಅರ್ಥವನ್ನೂ ಹೇಳಿಕೊಡಬಹುದು. ಅಕ್ಷರ ಬಾರದ ತಾಯಂದಿರು ಬಾಯಿಲೆಕ್ಕದಲ್ಲಿ ನಮಗಿಂತ ಚುರುಕು. ಯಾವ ಖರ್ಚನ್ನು ಮೊದಲು ನಿಲ್ಲಿಸಬಹುದೆಂಬುದನ್ನು ಅವರು ಆ ರಾತ್ರಿಯೇ ಹೇಳಬಲ್ಲರು.