ಅಮೆರಿಕದ ಪ್ರೌಢಶಾಲಾ ಕ್ರಾಸ್ ಕಂಟ್ರಿ ಓಟದಲ್ಲಿ ಪ್ರಾದೇಶಿಕ ಪೈಪೋಟಿ

ಕ್ರಾಸ್ ಕಂಟ್ರಿ ಎಂದರೆ ಹುಲ್ಲು, ಮಣ್ಣು, ಏರುತಗ್ಗುಗಳ ಮೇಲಿನ ದೂರದ ಓಟ. ಅಮೆರಿಕದ ಪ್ರೌಢಶಾಲೆಗಳ ಅಧಿಕೃತ ಸ್ಪರ್ಧೆ ಬಹುಮಟ್ಟಿಗೆ ರಾಜ್ಯಮಟ್ಟಕ್ಕೇ ಮುಗಿಯುವುದರಿಂದ, ಯಾವ ಪ್ರದೇಶದವರು ಮೇಲು ಎಂಬ ವಾದ ಅಲ್ಲಿ ಬಗೆಹರಿಯದು. 1979ರಲ್ಲಿ ಆರಂಭವಾಗಿ ಮುಂದೆ ಫುಟ್ ಲಾಕರ್ ಎಂದು ಹೆಸರಾದ ಸ್ಪರ್ಧೆಯು ದೇಶವನ್ನು ಈಶಾನ್ಯ, ದಕ್ಷಿಣ, ಮಧ್ಯಪಶ್ಚಿಮ, ಪಶ್ಚಿಮ ಎಂಬ ನಾಲ್ಕು ವಲಯಗಳಾಗಿ ವಿಂಗಡಿಸಿತು. ಆದರೆ ಅದು ಮುಖ್ಯವಾಗಿ ವೈಯಕ್ತಿಕ ಸ್ಪರ್ಧೆ. 2004ರಲ್ಲಿ ನೈಕಿ ಕಂಪನಿ ಆರಂಭಿಸಿದ್ದು ತಂಡಗಳ ಸ್ಪರ್ಧೆ. ತಂಡದ ಏಳು ಮಂದಿಯಲ್ಲಿ ಮೊದಲ ಐವರ ಸ್ಥಾನಗಳನ್ನು ಕೂಡಿ, ಕಡಿಮೆ ಮೊತ್ತದ ತಂಡವನ್ನು ವಿಜೇತವೆಂದು ಸಾರುತ್ತಾರೆ. ಹಾಗಾಗಿ ಒಬ್ಬ ಅಸಾಮಾನ್ಯ ಓಟಗಾರನಿದ್ದರೆ ಸಾಲದು. ಎಷ್ಟೋ ವೇಳೆ ಐದನೆಯವನ ಓಟವೇ ನಿರ್ಣಾಯಕ. ನ್ಯೂಯಾರ್ಕ್ ರಾಜ್ಯದ ಫೇಯೆಟ್‌ವಿಲ್-ಮ್ಯಾನ್ಲಿಯಸ್ ಶಾಲೆಯ ಬಾಲಕಿಯರು 2006ರಿಂದ 2012ರವರೆಗೆ ಸತತ ಏಳು ಬಾರಿ ಗೆದ್ದರು. ವಿಚಿತ್ರವೆಂದರೆ, ಅಲ್ಲಿ ಶಾಲೆಯ ಹೆಸರಿನಲ್ಲಿ ಓಡುವಂತಿಲ್ಲ. ಅವರು ಓಡಿದ್ದು ಮ್ಯಾನ್ಲಿಯಸ್ ಎಂಬ ಕ್ಲಬ್ಬಿನ ಹೆಸರಿನಲ್ಲಿ.